ಕಚ್ಚದ ಹಾವಿನ ವಿಷ

ಸರ್ಕಾರಿ ದವಾಖಾನೆಯ ವೈದ್ಯೆಯಾಗಿ ನನ್ನ ಆಯುಷ್ಯದ ಹೆಚ್ಚು ಭಾಗ ಹೆದರಿದವರ ಜೊತೆಯಲ್ಲೇ ಕಳೆಯಿತು. ಬಾದಾಮಿ ತಾಲೂಕಿನಲ್ಲಿ ಕೆಲಸ ಶುರು ಮಾಡಿ, ಹುನಗುಂದದ ಕಡೆ ಬಹಳ ವರ್ಷ ಇದ್ದು, ಇಳಕಲ್ಲಿನಲ್ಲಿ ನಿವೃತ್ತಳಾದೆ. ಈಗ ಬಾಗಲಕೋಟೆಯ ನವನಗರದ ಮನೆಗೆ ಹೊಸದಾಗಿ ಸೇವೆಗೆ ಸೇರಿದ ವೈದ್ಯರು ಆಗಾಗ ಬರುತ್ತಾರೆ. ತಾಲೂಕಿನ ದವಾಖಾನೆಗಳಲ್ಲಿ ಯಾವ ಕಾಯಿಲೆಗೆ ಹೆಚ್ಚು ತಯಾರಾಗಿರಬೇಕು ಮೇಡಂ ಎಂದು ಕೇಳುತ್ತಾರೆ. ಹೆದರಿಕೆಗೆ ಎಂದರೆ ಸಭ್ಯವಾಗಿ ನಗುತ್ತಾರೆ. ಹೆದರಿಕೆಯನ್ನು ಯಾರೂ ರೋಗದ ಪಟ್ಟಿಯಲ್ಲಿ ಓದಿರುವುದಿಲ್ಲ. ನಾನೂ ಓದಿರಲಿಲ್ಲ.

ಮೊದಲು ನನಗೆ ಅದನ್ನು ತೋರಿಸಿದವಳು ಕೆರೂರಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಒಬ್ಬ ಹೆಂಗಸು. ಗಟ್ಟಿ ಮೈಕಟ್ಟು, ದೊಡ್ಡ ದನಿ. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. ಒಂದು ಸಂತೆಯ ದಿನ ಯಾರೋ ಓಡಿಬಂದು, ನಿನ್ನ ಮಗ ಬಸ್ಸಿನ ಗಾಲಿಗೆ ಸಿಕ್ಕ ಎಂದರಂತೆ. ಆಕೆ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು ಎದೆ ಹಿಡಿದುಕೊಂಡು ಕುಳಿತಳು. ನಮ್ಮಲ್ಲಿಗೆ ತಂದಾಗ ಮೈಯೆಲ್ಲ ಬೆವರು, ಉಸಿರಿಗೆ ಒದ್ದಾಟ. ಇ.ಸಿ.ಜಿ. ತೆಗೆದರೆ ಹೃದಯಾಘಾತದ ಗೆರೆಗಳೇ ಮೂಡಿದವು. ನಾನು ಮದ್ದು ಕೊಡುತ್ತಿರುವಾಗ ಮಗನೇ ಬಾಗಿಲಲ್ಲಿ ಬಂದು ನಿಂತ. ಗಾಲಿಗೆ ಸಿಕ್ಕವನು ಬೇರೆ ಊರಿನವನು. ಹಾಕಿಕೊಂಡಿದ್ದ ಅಂಗಿಯ ಬಣ್ಣ ಒಂದೇ, ಅಷ್ಟೇ.

"ಯವ್ವಾ, ನೋಡಿಲ್ಲೆ, ನನಗೇನೂ ಆಗಿಲ್ಲ," ಎಂದು ಅವನು ಅವಳ ಗಲ್ಲ ಹಿಡಿದ.

ಆಕೆ ಮಗನನ್ನು ನೋಡಿದಳು, ಮುಖ ಸವರಿದಳು, ಅತ್ತಳು. ಅವಳ ಮನಸ್ಸಿಗೆ ಸತ್ಯ ತಿಳಿದಿತ್ತು. ಅವಳ ಹೃದಯಕ್ಕೆ ತಿಳಿಯಲಿಲ್ಲ. ನಾಡಿ ಇಳಿಯುತ್ತಲೇ ಹೋಯಿತು, ಶ್ವಾಸಕೋಶದಲ್ಲಿ ನೀರು ತುಂಬತೊಡಗಿತು. ಮಗ ಎದುರಿಗೇ ನಿಂತಿರುವಾಗ, ಅವನ ಸಾವಿನ ಸುದ್ದಿಯಿಂದ ತಾಯಿ ಸಾಯುತ್ತಿದ್ದಳು. ಬಾಗಲಕೋಟೆಗೆ ಕಳಿಸಿದೆವು. ಅಲ್ಲಿ ರಕ್ತನಾಳಗಳನ್ನು ಪರೀಕ್ಷಿಸಿದರೆ ಎಲ್ಲವೂ ಸ್ವಚ್ಛ, ಎಲ್ಲೂ ಅಡ್ಡಿ ಇಲ್ಲ. ದುಃಖದ ಹೊಡೆತಕ್ಕೆ ರಕ್ತದಲ್ಲಿ ಒಮ್ಮೆಲೇ ನುಗ್ಗಿದ ಅಡ್ರಿನಲಿನ್‌ನಂಥ ದ್ರವಗಳು ಹೃದಯದ ಸ್ನಾಯುವನ್ನು ಮರಗಟ್ಟಿಸಿದ್ದವು. ಕೆಲವು ವಾರಗಳಲ್ಲಿ ಸರಿಹೋದಳು, ಮತ್ತೆ ಸಂತೆಗೆ ಕುಳಿತಳು. ಆದರೆ ಅವತ್ತಿನ ಆ ಇಳಿಯುವ ನಾಡಿ ನನ್ನನ್ನು ಹೆದರಿಸಿಬಿಟ್ಟಿತು. ಒಂದು ಸುಳ್ಳು ಮಾತು ಇಷ್ಟು ಮಾಡಬಲ್ಲದಾದರೆ, ದಿನಕ್ಕೆ ನೂರು ಮಾತು ಆಡುವ ನಾವು ಏನೇನು ಮಾಡುತ್ತಿದ್ದೇವೋ ಅನ್ನಿಸಿತು.

ಆಮೇಲೆ ಬಿಡುವಾದಾಗ ಓದತೊಡಗಿದೆ. ನಮ್ಮ ವೇದಾಂತಿಗಳು ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ತಿಳಿದವನ ಉದಾಹರಣೆ ಕೊಡುತ್ತಾರೆ. ದೀಪ ತಂದರೆ ಹಾವು ಮಾಯ, ಹಗ್ಗ ಮಾತ್ರ ಉಳಿಯಿತು ಎನ್ನುತ್ತಾರೆ. ವೈದ್ಯೆಯಾಗಿ ನನ್ನ ಗಮನ ಹೋದದ್ದು ಆ ಮನುಷ್ಯನ ಕಡೆಗೆ. ಹಾವು ಸುಳ್ಳಾದರೂ ಅವನ ಬೆವರು ಸುಳ್ಳಲ್ಲ, ನಡುಕ ಸುಳ್ಳಲ್ಲ. ದೀಪ ಬಂದ ಮೇಲೂ ಎದೆ ಎಷ್ಟೋ ಹೊತ್ತು ಹೊಡೆದುಕೊಳ್ಳುತ್ತದೆ. ಆಯುರ್ವೇದದ ಹಳಬರಿಗೆ ಇದು ಗೊತ್ತಿತ್ತು. ಕತ್ತಲಲ್ಲಿ ಏನೋ ಚುಚ್ಚಿ, ಹಾವೇ ಇರಬೇಕೆಂದು ನಂಬಿದವನಿಗೆ ಜ್ವರ, ವಾಂತಿ, ಮೂರ್ಛೆ ಬರುವುದನ್ನು ಅವರು ಕಂಡಿದ್ದರು. ಅದಕ್ಕೆ ಶಂಕಾವಿಷ ಎಂದು ಹೆಸರಿಟ್ಟಿದ್ದರು. ವಿಷ ಎಂದೇ ಕರೆದರು ನೋಡಿ. ನಾಟಕ ಎನ್ನಲಿಲ್ಲ.

ಈ ತಿಳಿವಳಿಕೆಯನ್ನು ಹೊತ್ತುಕೊಂಡೇ ನಾನು ಹುನಗುಂದದ ಕಡೆಯ ಒಂದು ಸಣ್ಣ ದವಾಖಾನೆಗೆ ಹೋದೆ. ಅಲ್ಲಿ ನನ್ನ ಮೇಲಿನ ಅಧಿಕಾರಿ ಕುಲಕರ್ಣಿ ಸರ್. ಹಳೆಯ ಕಾಲದವರು, ಕೈಗುಣ ಇದ್ದವರು, ಮಾತು ಸ್ವಲ್ಪ ಒರಟು. ಹೆದರಿ ಬಂದವರಿಗೆ ಅವರ ಬಳಿ ಒಂದೇ ಔಷಧಿ, ನೀರಿನ ಇಂಜೆಕ್ಷನ್. ಬರೀ ಶುದ್ಧ ನೀರನ್ನು ಸ್ನಾಯುವಿಗೆ ಚುಚ್ಚಿದರೆ ಬೆಂಕಿ ಇಟ್ಟಂತೆ ಉರಿಯುತ್ತದೆ. ರೋಗಿ ಕಿರುಚಿ ಎದ್ದು ಕೂರುತ್ತಾನೆ. "ನೋಡ್ರಿ, ಗಾಬರಿ ಹೋತು," ಎನ್ನುತ್ತಿದ್ದರು. ಆ ಕಾಲಕ್ಕೆ ಅನೇಕ ಕಡೆ ಹೀಗೇ ಮಾಡುತ್ತಿದ್ದರು. ಈಗ ಆ ಪದ್ಧತಿ ಹೋಗಿದೆ. ಹೆದರಿದವನಿಗೆ ಇನ್ನೊಂದು ನೋವು ಕೊಟ್ಟು ಕಳಿಸಿದರೆ ಅವನು ಮನೆಗೆ ಹೋಗುತ್ತಾನೆ, ಆದರೆ ಹೆದರಿಕೆ ಅವನ ಜೊತೆಯಲ್ಲೇ ಹೋಗುತ್ತದೆ.

ಒಂದು ಬೇಸಿಗೆಯ ಬೆಳಿಗ್ಗೆ, ಹೊರರೋಗಿಗಳ ಸಾಲು ಇನ್ನೂ ಸೇರುತ್ತಿದ್ದಾಗ, ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದ ನಾಲ್ಕು ಜನ ಒಬ್ಬ ಯುವಕನನ್ನು ಎತ್ತಿ ಇಳಿಸಿದರು. ಹೆಸರು ಮಾಳಪ್ಪ. ಕುರಿ ಕಾಯುವ ಮನೆತನ. ಹಿಂದೆಯೇ ಅವನ ತಾಯಿ ಹೊನ್ನವ್ವ ಎದೆ ಬಡಿದುಕೊಳ್ಳುತ್ತ ಇಳಿದಳು. ದಾರಿಯಲ್ಲೇ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ ಮಗನ ಹಣೆ, ಎದೆ ಎಲ್ಲ ಹಳದಿ ಮಾಡಿದ್ದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಇಳಿದವಳು ಹೆಂಡತಿ ಲಕ್ಕವ್ವ. ಅವಳ ಕಡೆ ಯಾರೂ ನೋಡಲಿಲ್ಲ.

"ಹಾವು ಕಡದೈತ್ರಿ ಬಾಯಾರ, ನನ್ನ ಮಗನ್ನ ಉಳಸ್ರಿ!" ಎಂದು ಹೊನ್ನವ್ವ ನನ್ನ ಸೀರೆ ಹಿಡಿದಳು.

ನಡೆದದ್ದು ಇಷ್ಟು. ಕುರಿಹಟ್ಟಿಯ ಪಕ್ಕ ಗಂಡ ಹೆಂಡತಿ ಕಂಬಳಿ ಹಾಸಿ ನೆಲದ ಮೇಲೆ ಮಲಗಿದ್ದರು. ಬೆಳಕು ಹರಿಯುವ ಹೊತ್ತಿಗೆ ಮಾಳಪ್ಪನಿಗೆ ಎಚ್ಚರವಾಯಿತು. ಕಂಬಳಿಯ ಅಂಚಿನಿಂದ ಕಪ್ಪು ಮೈಯ, ಬಿಳಿ ಪಟ್ಟೆಗಳ ಕಟ್ಟುಹಾವು ಸರಿದು ಹೋಗುತ್ತಿರುವುದನ್ನು ಕಂಡ. ಹಾರಿ ಎದ್ದವನೇ ಕಾಲು ನೋಡಿಕೊಂಡ. ಹಿಮ್ಮಡಿಯ ಮೇಲೆ ಗೀರು ಇತ್ತು, ರಕ್ತ ಜಿನುಗುತ್ತಿತ್ತು. ಅಷ್ಟೇ ಸಾಕಾಯಿತು. ಅವನ ಅಪ್ಪ ಸತ್ತದ್ದು ಹಾವು ಕಚ್ಚಿಯೇ. ಆಗ ಮಾಳಪ್ಪ ಎಳೆಯ ಹುಡುಗ. ಅಪ್ಪನ ಕಾಲು ಮೊದಲು ಬಿದ್ದವು, ಆಮೇಲೆ ಕೈ, ಆಮೇಲೆ ಉಸಿರು. ಅವನು ಅದನ್ನೆಲ್ಲ ಪಕ್ಕದಲ್ಲಿ ಕುಳಿತು ನೋಡಿದ್ದ.

ಮಂಚದ ಮೇಲೆ ಮಾಳಪ್ಪನ ಉಸಿರು ನಾಯಿಯಂತೆ ಓಡುತ್ತಿತ್ತು. ಕೈಬೆರಳುಗಳು ಸೆಟೆದು ಕೊಕ್ಕೆಯಂತೆ ಬಾಗಿದ್ದವು. "ನನ್ನ ಕೈ ಸತ್ತುವು, ಬಾಯಾರ. ತುಟಿ ಜುಮು ಜುಮು ಅನ್ನಾಕತ್ಯಾವು," ಎಂದ. ನೋಡಿದವರಿಗೆ ವಿಷವೇ ಏರಿದೆ ಅನ್ನಿಸಬೇಕು. ಆದರೆ ಅತಿಯಾಗಿ ಉಸಿರಾಡಿದರೆ ರಕ್ತದ ಇಂಗಾಲಾಮ್ಲ ಕಡಿಮೆಯಾಗಿ ಬೆರಳು ಹೀಗೇ ಸೆಟೆಯುತ್ತವೆ. ಕಾಲು ತೊಳೆದು ನೋಡಿದೆ. ಉದ್ದನೆಯ ಗೀರು, ಅದರ ತುದಿಯಲ್ಲಿ ಮುರಿದ ಜಾಲಿಮುಳ್ಳು. ಹಲ್ಲಿನ ಗುರುತಿಲ್ಲ, ಬಾವಿಲ್ಲ. ರೆಪ್ಪೆ ಪೂರ್ತಿ ತೆರೆಯುತ್ತಿದ್ದ, ನಾಲಿಗೆ ಚಾಚುತ್ತಿದ್ದ. ಪಕ್ಕದಲ್ಲಿ ಕುಳಿತು ಅವನ ಉಸಿರಿನ ಜೊತೆ ನಾನೂ ಉಸಿರೆಳೆದೆ, ಬಿಟ್ಟೆ, ನಿಧಾನ ಮಾಡುತ್ತ ಹೋದೆ. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ನಮ್ಮ ತತ್ವಶಾಸ್ತ್ರದವರು ಅನ್ನಮಯ ಶರೀರಕ್ಕೂ ಮನೋಮಯಕ್ಕೂ ನಡುವೆ ಪ್ರಾಣವನ್ನು ಇಟ್ಟಿದ್ದಾರೆ. ಮನಸ್ಸಿಗೆ ನೇರವಾಗಿ ಕೈ ಹಾಕಲು ಬರುವುದಿಲ್ಲ, ಉಸಿರಿಗೆ ಬರುತ್ತದೆ.

"ನಿನಗ ವಿಷ ಏರಿಲ್ಲ ಮಾಳಪ್ಪ. ಮುಳ್ಳು ಚುಚ್ಚೇತಿ," ಎಂದೆ.

ಅವನು ನನ್ನ ಕಣ್ಣನ್ನೇ ನೋಡಿದ. "ನಮ್ಮಪ್ಪಗೂ ಹಿಂಗ ಅಂದಿದ್ರರಿ," ಎಂದ.

ಅಷ್ಟರಲ್ಲಿ ಶಾಂತಾ ಸಿಸ್ಟರ್ ನನ್ನನ್ನು ಕರೆದರು. ಗೋಡೆಗೆ ಒರಗಿ ಕುಳಿತಿದ್ದ ಲಕ್ಕವ್ವ ಹೊಟ್ಟೆನೋವು ಎನ್ನುತ್ತಿದ್ದಳು. ಕುಲಕರ್ಣಿ ಸರ್ ಆಗತಾನೇ ಬಂದಿದ್ದರು. ಅವಳನ್ನು ಒಮ್ಮೆ ನೋಡಿ, "ಗಂಡನ್ನ ನೋಡಿ ಹೆಂಡತಿಗೂ ಗಾಬರಿ ಹತ್ತೇದ. ಒಂದು ಇಂಜೆಕ್ಷನ್ ಕೊಟ್ಟು ಕೂಡಸ್ರಿ," ಎಂದರು. ಯಾರೋ ಅವಳಿಗೆ ಚಹಾ ಕೊಟ್ಟಿದ್ದರು. ಒಂದು ಗುಟುಕು ಕುಡಿದಳು. ಚಹಾ ಮೂಗಿನಿಂದ ಹೊರಬಂತು.

ಹತ್ತಿರ ಹೋಗಿ ಹೆಸರು ಕರೆದೆ. ನನ್ನನ್ನು ನೋಡಲು ಆಕೆ ಇಡೀ ತಲೆಯನ್ನು ಹಿಂದಕ್ಕೆ ವಾಲಿಸಿದಳು. ರೆಪ್ಪೆಗಳು ಅರ್ಧಕ್ಕೇ ನಿಂತಿದ್ದವು.

"ಲಕ್ಕವ್ವ, ಏನಾಗ್ತೈತಿ?"

"ಗಂಟ್ಲ ಕಟ್ಟೇತ್ರಿ... ನಿದ್ದಿ ಬಂದಂಗ ಆಗ್ತೈತಿ," ಎಂದಳು. ಮಾತು ಮೂಗಿನಲ್ಲಿ ಹೋಗುತ್ತಿತ್ತು.

ಮಲಗಿಸಿ ತಲೆ ಎತ್ತು ಎಂದೆ. ಎತ್ತಲಾಗಲಿಲ್ಲ. ಆಗ ಗೊತ್ತಾಯಿತು. ಹಾವು ಕಚ್ಚಿದ್ದು ಇವಳನ್ನು. ಕಟ್ಟುಹಾವಿನ ಹಲ್ಲು ಎಷ್ಟು ಸಣ್ಣದೆಂದರೆ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ, ಗುರುತೂ ಉಳಿಯುವುದಿಲ್ಲ. ಗಂಡನಲ್ಲಿ ಹೆದರಿಕೆ ಇತ್ತು, ಹೆಂಡತಿಯಲ್ಲಿ ವಿಷ ಇತ್ತು. ನಾವೆಲ್ಲ ತಿರುವುಮುರುವಾಗಿ ನೋಡುತ್ತಿದ್ದೆವು. ಶಂಕಾವಿಷದ ಬಗ್ಗೆ ಓದಿ ಜಾಣಳಾಗಿದ್ದೇನೆಂದು ಹಿಗ್ಗಿದ್ದವಳಿಗೆ, ಹೆದರಿಕೆ ಎಂಬ ಹೆಸರು ಎಷ್ಟು ಸುಲಭವಾಗಿ ನಿಜವಾದ ಸಾವನ್ನು ಮುಚ್ಚಿಡುತ್ತದೆ ಎಂಬುದು ಆಗ ಕಂಡಿತು.

ಕುಲಕರ್ಣಿ ಸರ್ ರೆಪ್ಪೆ ನೋಡಿದವರೇ ಸಿರಿಂಜನ್ನು ಬದಿಗಿಟ್ಟು ತಾವೇ ಔಷಧಿ ಕೋಣೆಗೆ ಓಡಿದರು. ಬಂದಾಗ ಅವರ ಮುಖ ಬಿಳಿಚಿತ್ತು. ಹಾವಿನ ವಿಷಕ್ಕೆ ಕೊಡುವ ಮದ್ದು ಒಬ್ಬರಿಗಾಗುವಷ್ಟೇ ಉಳಿದಿತ್ತು. ಇದು ಹೊನ್ನವ್ವನ ಕಿವಿಗೆ ಬಿತ್ತು.

"ಅಕಿಗಿ ಏನಾಗೇತ್ರಿ? ಈಗ ಕುಂತ ಚಾ ಕುಡ್ಯಾಕತ್ತಿದ್ಲು! ಕಡದಿದ್ದು ನನ್ನ ಮಗಗ. ಔಷಧ ಅವಗ ಹಾಕ್ರಿ!" ಎಂದು ಬಾಗಿಲಿಗೆ ಅಡ್ಡ ನಿಂತಳು. ಹೊರಗಿನ ಜನವೂ ಒಳಗೆ ನುಗ್ಗಿದರು. ಒಬ್ಬ ಗಂಡಸು ಕುಲಕರ್ಣಿ ಸರ್ ತೋಳು ಹಿಡಿದ. ಗಂಡನ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಟ್ಟಿದ್ದೆ. ಕೆಲವು ಹಾವಿನ ವಿಷ ಏರಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ; ಅದು ಸರಿಯಾಗಿ ಹೆಪ್ಪುಗಟ್ಟಿತ್ತು. ಆದರೆ ಕಟ್ಟುಹಾವಿನ ವಿಷಕ್ಕೆ ಆ ಪರೀಕ್ಷೆಯಿಂದ ಪೂರ್ತಿ ಧೈರ್ಯ ಸಿಗುವುದಿಲ್ಲ. ನಾನು ತಪ್ಪಿದ್ದರೆ? ಗಂಡನಿಗೂ ಕಚ್ಚಿದ್ದು, ವಿಷ ತಡವಾಗಿ ಏರುತ್ತಿದ್ದರೆ? ಆ ಪ್ರಶ್ನೆಗೆ ಕಾಯಲು ಹೊತ್ತಿರಲಿಲ್ಲ. ನಾನು ಮದ್ದು ತಯಾರಿಸಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ, ಏನಾಯಿತೋ, ಹೊನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಜನ ಹೊರಗೆ ಸರಿದಿದ್ದರು. ಕೇಳಲು ವೇಳೆಯಿರಲಿಲ್ಲ. ಲಕ್ಕವ್ವನ ರಕ್ತನಾಳಕ್ಕೆ ಮದ್ದು ಹಚ್ಚಿದೆ.

ಮದ್ದು ಹೋಗುತ್ತಿರುವಾಗಲೇ ಅವಳ ಉಸಿರು ಕುಂದಿತು. ಗಂಟಲಿಗೆ ಕೊಳವೆ ಇಳಿಸಿ, ಕೈಯಿಂದ ಒತ್ತುವ ಉಸಿರು ಚೀಲ ಹಿಡಿದೆವು. ಆ ಕ್ಷಣದಲ್ಲಿ ಆಕೆ ನೋಡಲು ಪೂರ್ತಿ ಹೆಣ. ರೆಪ್ಪೆ ಮುಚ್ಚಿವೆ, ಕೈ ಎತ್ತಿ ಬಿಟ್ಟರೆ ದೊಪ್ಪನೆ ಬೀಳುತ್ತದೆ. ಕುಲಕರ್ಣಿ ಸರ್ ನನ್ನ ಕಡೆ ಬಾಗಿ, "ಭಾಳ ತಡಾ ಆತು. ದಾರಿಯೊಳಗ ಹೋಗ್ತಾಳ," ಎಂದರು.

ನನ್ನ ಬೆರಳು ಅವಳ ನಾಡಿಯ ಮೇಲಿತ್ತು. ಆ ಮಾತು ಮುಗಿಯುವಷ್ಟರಲ್ಲಿ ನಾಡಿ ಬೆಚ್ಚಿದ ಕುದುರೆಯಂತೆ ಓಡಿತು.

ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟುತ್ತದೆ, ಪ್ರಜ್ಞೆಯನ್ನು ಮುಟ್ಟುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಈಗ ಅದು ನನ್ನ ಬೆರಳಿನ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಆಕೆ ಒಳಗಿದ್ದಳು. ಎಲ್ಲ ಕೇಳುತ್ತಿದ್ದಳು. ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳಿದ್ದಳು.

ಆಂಬುಲೆನ್ಸಿನಲ್ಲಿ ಅಮೀನಗಡ ದಾಟಿ ಬಾಗಲಕೋಟೆಯವರೆಗೆ ಸಿಸ್ಟರ್ ಚೀಲ ಒತ್ತಿದರು, ಅವರ ಕೈ ಸೋತಾಗ ನಾನು ಒತ್ತಿದೆ. ಬಾಯಿಯನ್ನು ಲಕ್ಕವ್ವನ ಕಿವಿಗೆ ಹಚ್ಚಿ ಮಾತಾಡುತ್ತಲೇ ಇದ್ದೆ. "ಲಕ್ಕವ್ವ, ನಾ ಡಾಕ್ಟರ್ ಬಾಯಿ. ನೀ ಸತ್ತಿಲ್ಲ. ವಿಷ ನಿನ್ನ ಕೈಕಾಲು ಕಟ್ಟೇತಿ. ಉಸಿರು ನಾವು ಹಾಕ್ತೀವಿ. ಔಷಧ ಒಳಗ ಹೋಗೇತಿ. ಈಗ ಗಾಡಿ ಹೊಂಟೈತಿ." ರಸ್ತೆಯ ಕುಲುಕಾಟದಲ್ಲಿ ಕೊಳವೆ ಜಾರಿದರೆ ಮುಗಿಯಿತು ಎಂಬ ಹೆದರಿಕೆಗೆ ನನ್ನ ಬಾಯಿ ಒಣಗಿತ್ತು. ದನಿಯಲ್ಲಿ ಅದು ತಿಳಿಯದಂತೆ ನೋಡಿಕೊಳ್ಳುವುದೇ ಆ ದಾರಿಯ ಅತಿ ಕಷ್ಟದ ಕೆಲಸವಾಗಿತ್ತು. ಮಾತಾಡುತ್ತಿದ್ದರೆ ನಾಡಿ ಇಳಿಯುತ್ತಿತ್ತು. ನಾನು ನೀರು ಕುಡಿಯಲು ಸುಮ್ಮನಾದರೆ ಏರುತ್ತಿತ್ತು.

ಕೆಲವು ದಿನ ಯಂತ್ರದ ಉಸಿರಿನ ಮೇಲೆ ಇದ್ದು ಲಕ್ಕವ್ವ ಉಳಿದಳು. ಅವಳನ್ನು ಉಳಿಸಿದ್ದು ಮದ್ದು ಮತ್ತು ಯಂತ್ರ. ಇದನ್ನು ಒತ್ತಿ ಹೇಳುತ್ತೇನೆ. ಒಳ್ಳೆಯ ಯೋಚನೆ ಮಾಡಿದರೆ ಎಲ್ಲ ರೋಗ ಹೋಗುತ್ತದೆ ಎಂದು ಮೊಬೈಲಿನಲ್ಲಿ ದಿನಾ ಉಪದೇಶ ಬರುತ್ತದೆ. ಧೈರ್ಯ ಎಷ್ಟಿದ್ದರೂ ಆ ವಿಷ ಅವಳ ಉಸಿರು ನಿಲ್ಲಿಸುತ್ತಿತ್ತು. ನನ್ನ ಮಾತು ಮಾಡಿದ್ದು ಇಷ್ಟೇ. ಸೋತ ದೇಹದ ಮೇಲೆ ಹೆದರಿಕೆಯ ಭಾರವೂ ಬೀಳದಂತೆ ಸ್ವಲ್ಪ ತಡೆಯಿತು.

ಮಾತು ಬಂದ ಮೇಲೆ ಆಕೆ ನನಗೆ ಹೇಳಿದಳು: "ಎಲ್ಲಾ ಕೇಳ್ತಿತ್ರಿ ಬಾಯಾರ. ಹೋಗ್ತಾಳ ಅಂದ್ರು. ಇಲ್ಲರೀ ಅದೀನಿ ಅಂತ ಒದರಬೇಕು ಅಂತೀನಿ, ಬಾಯೇ ಇದ್ದಂಗಿಲ್ಲ. ಜೀವಂತ ಹುಗದಂಗ ಆತು." ಹೇಳುವಾಗ ಅವಳ ತೋಳಿನ ಕೂದಲು ನಿಮಿರಿ ನಿಂತವು. ನಾನು ಇದನ್ನು ಕುಲಕರ್ಣಿ ಸರ್‌ಗೆ ತಿಳಿಸಿದೆ. ಅಂದಿನಿಂದ ಯಾವ ರೋಗಿಯ ತಲೆದಿಂಬಿನ ಬಳಿಯೂ ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ನೀರಿನ ಇಂಜೆಕ್ಷನ್ನೂ ನಿಂತಿತು.

ವಿಷ ಏರಿದವಳು ನಡೆದುಕೊಂಡು ಮನೆಗೆ ಹೋದಳು. ಬಿದ್ದುಹೋದವನು ವಿಷವೇ ಇಲ್ಲದ ಮಾಳಪ್ಪ.

ಅವತ್ತು ನಾನು ಬಾಗಲಕೋಟೆಯಿಂದ ವಾಪಸು ಬರುವಷ್ಟರಲ್ಲಿ ಅವನ ಎರಡೂ ಕಾಲು ಸೋತಿದ್ದವು. ಎತ್ತಿ ನಿಲ್ಲಿಸಿದರೆ ಕುಸಿಯುತ್ತಿದ್ದ. ಬೆನ್ನುಹುರಿಯ ಚಿತ್ರ ತೆಗೆಸಿದೆವು, ನರಗಳನ್ನು ಪರೀಕ್ಷೆ ಮಾಡಿಸಿದೆವು. ಎಲ್ಲಿಯೂ ದೋಷವಿಲ್ಲ. ಮೊದಲು ಇದಕ್ಕೆ ಉನ್ಮಾದ ಎಂದು ಹೆಸರಿಟ್ಟು ಕೈಬಿಡುತ್ತಿದ್ದರು. ಈಗಿನ ನರವಿಜ್ಞಾನ ಬೇರೆ ಹೇಳುತ್ತದೆ. ಕಾಲು ಹೋಗಿವೆ ಎಂದು ಮಿದುಳು ಗಾಢವಾಗಿ ನಂಬಿದರೆ, ನಡೆಯುವ ಆಜ್ಞೆ ಅಲ್ಲಿಂದ ಹೊರಡುವುದೇ ಇಲ್ಲ. ಮನುಷ್ಯ ಸುಳ್ಳಾಡುತ್ತಿರುವುದಿಲ್ಲ. ಯೋಗಶಾಸ್ತ್ರದವರು ಸಾವಿನ ಭಯವನ್ನು ಮನಸ್ಸಿನ ಕ್ಲೇಶಗಳಲ್ಲಿ ಕೊನೆಯದಾಗಿ ಎಣಿಸಿ, ಅದು ಪಂಡಿತನನ್ನೂ ಬಿಡುವುದಿಲ್ಲ ಎಂದಿದ್ದಾರೆ. ಅಪ್ಪನ ಕಾಲು ಬಿದ್ದದ್ದನ್ನು ಕಂಡ ಹುಡುಗನನ್ನು ಬಿಟ್ಟೀತೆ?

ಊರಿನವರು ನಕ್ಕರು. ಹೆಂಡತಿಗೆ ಹಾವು ಕಚ್ಚಿದರೆ ಗಂಡ ಲಕ್ವ ಹೊಡೆದವನಂತೆ ಬಿದ್ದ ಎಂದು ಕಟ್ಟೆಯ ಮೇಲೆ ಆಡಿಕೊಂಡರು. ಲಕ್ಕವ್ವ ಅವನನ್ನು ವಾರವಾರ ಬಸ್ಸಿನಲ್ಲಿ ಬಾಗಲಕೋಟೆಯ ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ದಳು. ಮೊದಲು ಬೆರಳು, ಆಮೇಲೆ ಮೊಣಕಾಲು. ಮಳೆಗಾಲ ಮುಗಿದು ಜೋಳ ಮೊಳಕಾಲುದ್ದ ಬಂದಾಗ ಇಬ್ಬರೂ ನನ್ನ ಕೋಣೆಗೆ ಬಂದರು. ಮಾಳಪ್ಪ ಕೋಲು ಊರಿಕೊಂಡು ತಾನೇ ನಡೆದು ಬಂದಿದ್ದ. ಕುರ್ಚಿಯಲ್ಲಿ ಕುಳಿತವನು ತಲೆ ಎತ್ತಲಿಲ್ಲ.

"ಬಾಯಾರ, ಖರೆ ಹೇಳ್ರಿ. ನನಗ ಹಾವು ಕಡದಿದ್ದಿಲ್ಲೇನ್ರಿ?"

"ಇಲ್ಲ ಮಾಳಪ್ಪ."

"ಹಂಗಾರ ನಾ ಸುಳ್ಳ ಬಿದ್ನೇನ್ರಿ? ಮಂದಿ ಹೇಡಿ ಅಂತಾರ್ರಿ."

ಕಾಲು ಹೋದದ್ದು ನಿಜ, ಅದು ನಾಟಕವಲ್ಲ ಎಂದು ನಾನು ವಿವರಿಸಲು ಶುರು ಮಾಡಿದೆ. ಲಕ್ಕವ್ವ ನನ್ನ ಮಾತನ್ನು ಅರ್ಧಕ್ಕೇ ತಡೆದಳು. "ನೀವು ಆವಾಗ ಒಳಗ ಹೋಗಿದ್ರಿ ಬಾಯಾರ. ನಿಮಗ ಗೊತ್ತಿಲ್ಲ," ಎಂದಳು. "ನನಗ ಕಣ್ಣು ತೆರ್ಯಾಕ ಆಗ್ತಿದ್ದಿಲ್ಲ, ಕಿವಿ ಇತ್ತು. ಅತ್ತಿ ಒದರಾಕತ್ತಿದ್ರು, ಔಷಧ ನನ್ನ ಮಗಗ ಹಾಕ್ರಿ ಅಂತ. ಮಂದಿನೂ ಹೌದಂದ್ರು. ಆಗ ಇಂವ ಆ ಮಂಚದ ಮ್ಯಾಲಿಂದ ಅಂದ, 'ಅವ್ವಾ, ಸುಮ್ನಿರು. ನನಗ ಕಾಲಾಗ ವಿಷ ಏರೇತಿ, ನಾ ಹೊಂಟೀನಿ. ಅದು ಅಕಿಗಿ ಹಾಕ್ಲಿ' ಅಂತ."

ಮಾಳಪ್ಪ ಕೋಲಿನ ತುದಿಯನ್ನು ನೆಲದ ಮೇಲೆ ತಿರುಗಿಸುತ್ತಿದ್ದ. ನಾನು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ. ತನ್ನ ಮೈಯಲ್ಲಿ ವಿಷ ಏರುತ್ತಿದೆ ಎಂದು ಪೂರ್ತಿ ನಂಬಿದ್ದ ಮನುಷ್ಯ, ತನ್ನನ್ನು ಉಳಿಸಬಹುದಾದ ಒಂದೇ ಮದ್ದನ್ನು ಬಿಟ್ಟುಕೊಟ್ಟು, ಅಪ್ಪನಂತೆ ಸಾಯಲು ಸಿದ್ಧನಾಗಿ ಮಲಗಿದ್ದ. ಕಾಲುಗಳು ಅವನ ಮಾತನ್ನು ನಂಬಿ ಹೊರಟುಹೋಗಿದ್ದವು.

"ಏಳು," ಎಂದಳು ಲಕ್ಕವ್ವ ಗಂಡನಿಗೆ. "ಬಸ್ಸಿಗೆ ಹೊತ್ತಾತು. ನಗೂ ಮಂದಿ ನಗಲಿ."

ಅವನು ಎದ್ದ. ಬಾಗಿಲಿನವರೆಗೆ ಅವನ ಮೊಣಕಾಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆಕೆ ಅವನ ಕೈ ಹಿಡಿಯಲಿಲ್ಲ. ಪಕ್ಕದಲ್ಲಿ, ಅವನಷ್ಟೇ ನಿಧಾನವಾಗಿ ನಡೆದಳು.